ಶಾಲೆಯ ಊಟ ಬಂದ ದಾರಿ

ಕಳೆದ ತಿಂಗಳು ಜುಮಾ ನಮಾಜಿನ ನಂತರ ಸವಣೂರಿನ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, "ಹಜರತ್, ಮೊಮ್ಮಗ ಮನ್ಯಾಗ ರೊಟ್ಟಿ ಮುಟ್ಟೂದಿಲ್ಲ, ಸಾಲ್ಯಾಗಿನ ಊಟಾನೂ ಒಲ್ಲೆ ಅಂತಾನ. ಖುತ್ಬಾದಾಗ ಒಂದ್ ಮಾತು ಹೇಳ್ರಿ" ಎಂದರು. ಹೇಳುವ ಮೊದಲು, ಆ ಊಟ ನಮ್ಮ ಮಕ್ಕಳ ತಟ್ಟೆಗೆ ಹೇಗೆ ಬಂತೆಂದು ನೋಡೋಣ ಎನಿಸಿತು.

ನಮ್ಮದು ಹಸಿವು ಕಂಡ ಸೀಮೆ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ನವಾಬರ ಸಣ್ಣ ಸಂಸ್ಥಾನ. 1876ರಿಂದ 1878ರವರೆಗಿನ ಬರ, ಧಾತು-ಈಶ್ವರ ಸಂವತ್ಸರಗಳ ಬರ, ಈ ನೆಲವನ್ನು ಹಿಂಡಿ ಹಾಕಿತು. ಹಾನಗಲ್ ಕಡೆ ಅನ್ನ, ಉಳಿದೆಡೆ ಜೋಳದ ರೊಟ್ಟಿ. ಮಳೆ ಕೈಕೊಟ್ಟರೆ ಎರಡೂ ಇಲ್ಲ.

ಶಾಲೆಯಲ್ಲಿ ಉಣಿಸುವುದು ಬಹಳ ತಡವಾಗಿ ಬಂತು. ನಮ್ಮ ತಂದೆಯ ವಯಸ್ಸಿನವರನ್ನು ಕೇಳಿದರೆ, ಅಮೆರಿಕದ 'ಕೇರ್' ಸಂಸ್ಥೆಯಿಂದ ಬರುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿ ನೆನಪಿಸಿಕೊಳ್ಳುತ್ತಾರೆ. ಅದು ದೂರದವರ ದಾನ, ಬಂದರೆ ಬಂತು. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರದ ಯೋಜನೆ ಶುರುವಾಯಿತು. ತಪ್ಪದೆ ಶಾಲೆಗೆ ಬಂದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ. ಚೀಲ ಹಿಡಿದು ಮಕ್ಕಳು ಸಾಲು ನಿಲ್ಲುತ್ತಿದ್ದುದು ನನಗೂ ನೆನಪಿದೆ. ಆ ಅಕ್ಕಿ ಮನೆಯ ಗಡಿಗೆ ಸೇರುತ್ತಿತ್ತು. ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೆಂದು ಅಳೆದವರು ಯಾರು?

2001ರಲ್ಲಿ ರಾಜಸ್ಥಾನದಲ್ಲಿ ಬರ. ಗೋದಾಮುಗಳಲ್ಲಿ ಧಾನ್ಯ ತುಂಬಿ ಕೊಳೆಯುತ್ತಿರುವಾಗ ಜನ ಹಸಿದಿದ್ದಾರಲ್ಲ ಎಂದು ಪಿಯುಸಿಎಲ್ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ನವೆಂಬರ್ 28ರಂದು ಕೋರ್ಟು ಅಪ್ಪಣೆ ಮಾಡಿತು: ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ಬೇಯಿಸಿದ ಊಟ, ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ. ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ 'ಅಕ್ಷರ ದಾಸೋಹ' ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003–04ರಲ್ಲಿ ಹಾವೇರಿ ಸೇರಿ ಉಳಿದ ಜಿಲ್ಲೆಗಳಿಗೂ ಬಂತು. ಕನ್ನಡ ಶಾಲೆ, ಉರ್ದು ಶಾಲೆ ಎಂಬ ಭೇದ ಇರಲಿಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಲಿ ಎಂದು ಕೋರ್ಟು 2004ರಲ್ಲಿ ಹೇಳಿತು. ಇದು ದೊಡ್ಡ ಮಾತು. ಒಂದೇ ಪಾತ್ರೆಯ ಅನ್ನ, ಒಂದೇ ಸಾಲು. ಮಸೀದಿಯ ಸಫ್‌ನಲ್ಲಿ ನಿಂತು ಬೆಳೆದ ನಮಗೆ ಇದು ಹೊಸತೇನಲ್ಲ.

2013ರ ಆಗಸ್ಟ್‌ನಿಂದ ಹಾಲು. ಮೊಟ್ಟೆಗೆ ಇನ್ನೂ ಎಷ್ಟೋ ವರ್ಷ ಜಗಳ ನಡೆಯಿತು. 2021ರ ಕೊನೆಗೆ ಕೆಲವು ಜಿಲ್ಲೆಗಳಲ್ಲಿ, ಮರುವರ್ಷ ಎಲ್ಲೆಡೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ. ಒಲ್ಲದವರಿಗೆ ಬಾಳೆಹಣ್ಣು.

ಇಷ್ಟಾದ ಮೇಲೂ ಮಗು ಒಲ್ಲೆ ಎನ್ನುವುದೇಕೆ? ಊಟ ಕೆಟ್ಟದ್ದೇ ಎಂದು ಎಲ್ಲ ಕಡೆ ಹೇಳಲಾಗದು. ಮೊದಲು ರುಚಿ ನೋಡಿ ಬಡಿಸಬೇಕೆಂಬ ನಿಯಮವಿದೆ. ತಪ್ಪಿದರೆ ಪಾಲಕರು ಹೋಗಿ ಕೇಳಬೇಕು. ಆದರೆ ನಾನು ಕಂಡಂತೆ ಕಾರಣ ಬೆಳಗಿನ ಐದು ರೂಪಾಯಿ. ಅಳಬೇಡವೆಂದು ನಾವೇ ಕೈಗಿಡುತ್ತೇವೆ. ಶಾಲೆಯ ಹಾದಿಯಲ್ಲೇ ಕುರುಕಲು ಪಾಕೀಟು ಖಾಲಿಯಾಗುತ್ತದೆ, ಮಧ್ಯಾಹ್ನಕ್ಕೆ ಹಸಿವೇ ಇರುವುದಿಲ್ಲ.

ಉಹುದ್ ಯುದ್ಧದ ಗಾಯದಿಂದ ಅಬೂ ಸಲಮಾ(ರ) ತೀರಿಕೊಂಡಾಗ ಅವರ ಮಗ ಉಮರ್ ಚಿಕ್ಕ ಹುಡುಗ. ತಾಯಿ ಉಮ್ಮು ಸಲಮಾ(ರ) ಪ್ರವಾದಿ(ಸ)ಯವರನ್ನು ವಿವಾಹವಾದ ಮೇಲೆ ಅವನು ಆ ಮನೆಯಲ್ಲೇ ಬೆಳೆದ. ಉಣ್ಣುವಾಗ ಅವನ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿ(ಸ)ಯವರು ಗದರಲಿಲ್ಲ, ಏಳಿಸಲಿಲ್ಲ. ಅಲ್ಲಾಹನ ಹೆಸರು ಹೇಳಿ, ಬಲಗೈಯಿಂದ, ತನ್ನ ಮುಂದಿನದನ್ನು ತಿನ್ನಲು ತಿಳಿಸಿದರು. ಅಂದಿನಿಂದ ತಾನು ಹಾಗೆಯೇ ಉಣ್ಣುತ್ತ ಬಂದೆನೆಂದು ದೊಡ್ಡವನಾದ ಮೇಲೆ ಅವನೇ ಹೇಳಿದ್ದಾನೆ. ನಾನು ಗಮನಿಸುವುದು ಇಷ್ಟು: ಹಿರಿಯರು ಅದೇ ತಟ್ಟೆಯಲ್ಲಿ ಕೈಯಿಟ್ಟು ಕುಳಿತಿದ್ದರು. ನಮ್ಮ ದಸ್ತರಖಾನ್ ಮಡಚಿ ಅಟ್ಟ ಸೇರಿದೆ. ಮಗುವಿನ ತಟ್ಟೆ ಮೊಬೈಲಿನ ಮುಂದಿದೆ.

ನಮ್ಮ ಮನೆಯೂ ಬೇರೆಯಾಗಿರಲಿಲ್ಲ. ಐದು ರೂಪಾಯಿ ನಿಲ್ಲಿಸಿದಾಗ ಮೂರು ದಿನ ಅಳು, ನಾಲ್ಕನೆಯ ದಿನ ಮುನಿಸು. ಮರುವಾರ ಕಿರಿಯವನು ಶಾಲೆಯಿಂದ ಬಂದು, "ಅಬ್ಬಾ, ಇವತ್ತ ಎರಡ್ ಸಲ ಸಾರು ಹಾಕಿಸ್ಕೊಂಡೆ" ಎಂದ. ಹಿರಿಯರಿಗೆ ಅದನ್ನೇ ಹೇಳಿ ಕಳಿಸಿದೆ.