ಒಂದು ಪೋಸ್ಟು, ಮೂರು ಬೇರು



ಗಡಿಯೂರಿನ ಚಹದಂಗಡಿಯಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. "ನಿಮ್ಮ ಮಗನಿಗೆ ಪೋಸ್ಟು ಸಿಕ್ಕಿತೆ?" ಎಂದು ಒಬ್ಬರು ವಿಚಾರಿಸುತ್ತಾರೆ. "ಸಿಕ್ಕಿದೆ, ಆರ್ಡರು ಪೋಸ್ಟಿನಲ್ಲಿ ಬರಬೇಕು" ಎಂದು ಇನ್ನೊಬ್ಬರ ಉತ್ತರ. ಅಷ್ಟರಲ್ಲಿ ಮೂರನೆಯವರು ಒಳಗೆ ಬಂದು, "ಚೆಕ್‌ಪೋಸ್ಟಿನಲ್ಲಿ ತಪಾಸಣೆ ನಡೆದಿದೆ, ಬಸ್ಸು ತಡ" ಎನ್ನುತ್ತಾರೆ. ಒಂದು ಲೋಟ ಚಹ ಮುಗಿಯುವುದರೊಳಗೆ ಒಂದೇ ಶಬ್ದ ಮೂರು ವೇಷ ಹಾಕಿತು. ಆದರೂ ಯಾರೂ ತಬ್ಬಿಬ್ಬಾಗಲಿಲ್ಲ. ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡಿ ಅಭ್ಯಾಸವಾದ ನಮ್ಮಂಥವರಿಗೆ ಇದೇನೂ ದೊಡ್ಡ ಮಾತಲ್ಲ. ಆದರೆ ಈ 'ಪೋಸ್ಟು' ಎಲ್ಲಿಂದ ಬಂತು ಎಂದು ಹುಡುಕಿ ಹೊರಟರೆ ದಾರಿ ಬಹಳ ದೂರ ಹೋಗುತ್ತದೆ.

ನೋಡಲು ಇದು ಒಂದೇ ಶಬ್ದ. ಅಗೆದರೆ ಮೂರು ಬೇರು. ಮೂರೂ ಲ್ಯಾಟಿನ್ ಭಾಷೆಯವು.

ಮೊದಲನೆಯದು 'ಪೋಸ್ಟಿಸ್'. ಬಾಗಿಲಿನ ಪಕ್ಕದ ನಿಲುವುಗಂಬ ಎಂದು ಅರ್ಥ. ಇಂಗ್ಲಿಷರು ಇದನ್ನು ಸಾವಿರ ವರ್ಷಗಳಿಗೂ ಹಿಂದೆಯೇ ತಮ್ಮದಾಗಿಸಿಕೊಂಡರು. ದೀಪದ ಕಂಬ, ಗೋಲು ಕಂಬ, ಬೇಲಿಯ ಕಂಬ, ಎಲ್ಲವೂ ಪೋಸ್ಟು. ಊರಿನ ಕಂಬಕ್ಕೆ ಜನರ ತಿಳಿವಿಗಾಗಿ ಕಾಗದ ಅಂಟಿಸುತ್ತಿದ್ದುದರಿಂದ 'ಪೋಸ್ಟರು' ಹುಟ್ಟಿತು. ಈಗ ಮಕ್ಕಳು ಮೊಬೈಲಿನಲ್ಲಿ 'ಒಂದು ಪೋಸ್ಟ್ ಹಾಕಿದೆ' ಎನ್ನುತ್ತಾರಲ್ಲ, ಅದು ಅಂಚೆಯ ಸಂಬಂಧಿ ಎಂದು ನಾನು ತಿಳಿದಿದ್ದೆ. ಅಲ್ಲ. ಅದು ಈ ಕಂಬದ ಮೊಮ್ಮಗು!

ಎರಡನೆಯ ಬೇರು 'ಪೊನೆರೆ', ಅಂದರೆ ಇಡು, ನೆಲೆಗೊಳಿಸು. ಇಟ್ಟದ್ದು, ನಿಲ್ಲಿಸಿದ್ದು ಎಂಬ ಅರ್ಥದ ಅದರ ರೂಪದಿಂದ ಇಟಲಿಯವರ 'ಪೋಸ್ಟಾ' ಬಂತು. ಕಾಗದಕ್ಕೂ ಇಡುವುದಕ್ಕೂ ಏನು ನಂಟು ಎನ್ನುತ್ತೀರಾ? ಆಗ ಪೋಸ್ಟು ಎಂದರೆ ಕಾಗದವಾಗಿರಲಿಲ್ಲ, ದಾರಿಯುದ್ದಕ್ಕೂ ಅಲ್ಲಲ್ಲಿ ಸಿದ್ಧವಾಗಿ ನಿಲ್ಲಿಸಿಟ್ಟ ಕುದುರೆ ಮತ್ತು ಸವಾರ. ಒಬ್ಬ ತಂದ ಚೀಲವನ್ನು ಇನ್ನೊಬ್ಬ ಹಿಡಿದು ಮುಂದಕ್ಕೆ ಓಡಬೇಕು. 13ನೆಯ ಶತಮಾನದಲ್ಲಿ ಚೀನಾ ಕಂಡು ಬಂದ ಮಾರ್ಕೊ ಪೋಲೊ, ಮಹಾಖಾನನ ರಾಜ್ಯದಲ್ಲಿ ಸುಮಾರು 25 ಮೈಲಿಗೊಂದು ಇಂಥ ಕುದುರೆ ಠಾಣೆ ಇತ್ತೆಂದು ಹೇಳಿದ್ದಾನೆ. ಕಾಲಕ್ರಮದಲ್ಲಿ ಠಾಣೆಯ ಹೆಸರು ಸವಾರನಿಗೆ, ಸವಾರನ ಹೆಸರು ಅವನ ಚೀಲದೊಳಗಿನ ಕಾಗದಕ್ಕೆ ದಾಟಿತು.

ನಮ್ಮ ದೇಶದಲ್ಲೂ ಏರ್ಪಾಡು ಇದೇ ಆಗಿತ್ತು. 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಾಲಾಳು ಅಂಚೆಗೆ ಮೈಲಿಗೆ ಮೂರು ಠಾಣೆ. ಓಟಗಾರನ ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ತುದಿಗೆ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಕೇಳಿಸಿದೊಡನೆ ಮುಂದಿನವನು ಸೊಂಟ ಬಿಗಿದು ನಿಲ್ಲುತ್ತಿದ್ದ. ಮಹಮದ್ ಬಿನ್ ತುಘಲಕ್ ದೌಲತಾಬಾದಿನಲ್ಲಿದ್ದಾಗ ಅವನಿಗೆ ಕುಡಿಯಲು ಗಂಗೆಯ ನೀರು 40 ದಿನದ ದಾರಿಯಿಂದ ಬರುತ್ತಿತ್ತಂತೆ! ಇಂಥ ಓಟಗಾರನೇ ಪಾರಸಿಯ 'ಹರ್ಕಾರಾ', ನಮ್ಮ ಬಾಯಲ್ಲಿ ಹರಿಕಾರ. ಇಂದು ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ನಾಯಕರನ್ನು 'ಹರಿಕಾರ' ಎಂದು ಹೊಗಳುವುದನ್ನು ಓದುವಾಗ ನನಗೆ ಆ ಗೆಜ್ಜೆಯ ಕೋಲು ನೆನಪಾಗುತ್ತದೆ.

ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಅಂಚೆ ನಡೆಸಿದರು. ಕಾಗದ ಒಯ್ಯುವವರೇ ಊರೂರಿನ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಸರಕಾರದ ಅಂಚೆಯಲ್ಲಿ ಸೇರಿತು. ಕೇರಳದ ತಿರುವಾಂಕೂರು, ಕೊಚ್ಚಿಗಳಲ್ಲಿ ಇದರ ಸೋದರ ಶಬ್ದ 'ಅಂಚಲ್' 1951ರವರೆಗೂ ಬೇರೆಯೇ ಇಲಾಖೆಯಾಗಿ ಬಾಳಿತು. ಹಳಗನ್ನಡದಲ್ಲಿ 'ಅಂಚೆ' ಎಂದರೆ ಹಂಸ. ನಳ ದಮಯಂತಿಯರ ನಡುವೆ ಓಲೆಕಾರನಾದ ಹಂಸದಿಂದಲೇ ಈ ಹೆಸರು ಬಂತೆಂದು ಹಲವರು ಹೇಳುವುದುಂಟು. ಕಥೆ ಚೆನ್ನಾಗಿದೆ. ಆದರೆ ಉಲಿ ಒಂದೇ ಆದ ಮಾತ್ರಕ್ಕೆ ಹುಟ್ಟೂ ಒಂದೇ ಎನ್ನಲಾಗದು. ಕಂಬದ ಪೋಸ್ಟೂ ಕಾಗದದ ಪೋಸ್ಟೂ ನಮಗೆ ಹೇಳುವುದು ಇದನ್ನೇ ಅಲ್ಲವೆ?

ಸೊಲ್ಲಾಪುರ, ಜತ್ತದ ಕಡೆಯ ಕೇಳುಗರು 'ನಾವು ಅಂಚೆ ಎನ್ನುವುದಿಲ್ಲ, ಟಪಾಲು ಎನ್ನುತ್ತೇವೆ' ಎನ್ನಬಹುದು. ಆ ಶಬ್ದ ಇನ್ನೂ ಚುರುಕು. ಮರಾಠಿಯಲ್ಲಿ ಟಪಾಲ್, ತೆಲುಗಿನಲ್ಲಿ ತಪಾಲಾ, ತಮಿಳು ಮಲಯಾಳಗಳಲ್ಲಿ ತಪಾಲ್. ಹೊಸೂರಿನಿಂದ ಅಕ್ಕಲಕೋಟೆಯವರೆಗೆ ಯಾವ ಗಡಿಯಲ್ಲೂ ತಡೆಯಿಲ್ಲದೆ ಓಡಾಡುತ್ತದೆ.

ಬಡವರ ಕೈಗೆ ಪೋಸ್ಟು ಎಟುಕಿದ್ದು ಮಾತ್ರ ತಡವಾಗಿ. 1854ರ ಅಕ್ಟೋಬರ್ 1ರಿಂದ ದೇಶದಲ್ಲಿ ಎಷ್ಟೇ ದೂರವಿರಲಿ, ಹಗುರವಾದ ಕಾಗದಕ್ಕೆ ಅರ್ಧ ಆಣೆ ಎಂದಾಯಿತು. 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂತು.

ನೌಕರಿಯ ಪೋಸ್ಟೂ ಕಾವಲಿನ ಪೋಸ್ಟೂ ಇದೇ ಎರಡನೆಯ ಬೇರಿನವು. ಸಿಪಾಯಿಯನ್ನು ಎಲ್ಲಿ ನಿಲ್ಲಿಸಿದರೋ ಅದು ಅವನ ಪೋಸ್ಟು. ಅಲ್ಲಿಂದಲೇ ಗುಮಾಸ್ತರ ಪೋಸ್ಟು, ಮೇಷ್ಟರ ಪೋಸ್ಟಿಂಗು. ನಮ್ಮ 'ಠಾಣೆ'ಯೂ ಸಂಸ್ಕೃತದ 'ಸ್ಥಾನ'ದಿಂದ ಬಂದದ್ದು, ನಿಲ್ಲುವ ಜಾಗ ಎಂದೇ ಅರ್ಥ. ಅಂದರೆ ಪೋಸ್ಟ್ ಆಫೀಸೂ ಚೆಕ್‌ಪೋಸ್ಟೂ ಒಡಹುಟ್ಟಿದವು. ಒಂದನ್ನು ಇಟ್ಟದ್ದು ದಾಟಿಸಲಿಕ್ಕೆ, ಇನ್ನೊಂದನ್ನು ಇಟ್ಟದ್ದು ತಡೆಯಲಿಕ್ಕೆ.

ಮೂರನೆಯ ಬೇರಿನ ವಿಷಯ ಬೇಗ ಮುಗಿಸುತ್ತೇನೆ. ಲ್ಯಾಟಿನ್ನಿನಲ್ಲಿ 'ಪೋಸ್ಟ್' ಎಂದರೆ ನಂತರ. ಸತ್ತ ನಂತರದ್ದು ಪೋಸ್ಟ್‌ಮಾರ್ಟಂ, ನಡುಹಗಲಿನ ನಂತರದ್ದು ಪಿ.ಎಂ. ಕೋರ್ಟಿನಲ್ಲಿ ಕೇಸು 'ಪೋಸ್ಟ್‌ಪೋನ್' ಆಯಿತು ಎನ್ನುತ್ತೇವಲ್ಲ, ಆ ಶಬ್ದದ ಮೊದಲರ್ಧ 'ನಂತರ', ಉಳಿದರ್ಧ 'ಇಡು'. ನಂತರಕ್ಕೆ ಇಟ್ಟದ್ದು! ಎರಡು ಬೇರು ಅಲ್ಲಿ ಒಂದೇ ಗಿಡವಾಗಿವೆ.

ಈಗ ನಮ್ಮ ಬಾಗಿಲಿಗೆ ಬರೋಣ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮನೆ ಕದಲಲಿಲ್ಲ, ಬಾವಿ ಕದಲಲಿಲ್ಲ. ವಿಳಾಸದ ಕೊನೆಯ ಸಾಲು ಮಾತ್ರ ಬದಲಾಯಿತು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗ ಮಂಗಳೂರಿಗೆ ಮೊದಲ ಅಂಕಿ 5, ಕಾಸರಗೋಡಿಗೆ 6. ವಿಜಾಪುರಕ್ಕೆ 5, ಸೊಲ್ಲಾಪುರಕ್ಕೆ 4. ಆದೋನಿ, ರಾಯದುರ್ಗ, ಮಡಕಶಿರದವರಿಗೆ ಮಾತ್ರ ಬಳ್ಳಾರಿಯ 5 ಉಳಿಯಿತು, ಏಕೆಂದರೆ ಅಂಚೆಯ ಲೆಕ್ಕದಲ್ಲಿ ಆಂಧ್ರವೂ ಕರ್ನಾಟಕವೂ ಒಂದೇ ವಲಯ. ರಾಜ್ಯದ ಗೆರೆ ಬೇರೆ, ಅಂಚೆಯ ಗೆರೆ ಬೇರೆ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಹಲವು ರಾಜ್ಯಗಳಲ್ಲಿ ಎದ್ದುಹೋದವು. ಗಡಿಯ ಗೋಜು ಇನ್ನು ಮುಗಿಯಿತು ಎಂದುಕೊಂಡವರಿದ್ದರು. 2020ರ ಮಾರ್ಚಿಯಲ್ಲಿ ಕೊರೋನ ಬಂತು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ತಲಪಾಡಿಯ ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿಯ ರೋಗಿಗಳು ಚೆಕ್‌ಪೋಸ್ಟಿನಿಂದಲೇ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಜೀವ ಬಿಟ್ಟವರ ಸುದ್ದಿಗಳೂ ಬಂದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮ ಗೊತ್ತಾಯಿತು. ಅದೇ ದಿನಗಳಲ್ಲಿ ಅಂಚೆಯನ್ನು ಅಗತ್ಯ ಸೇವೆ ಎಂದು ನಡೆಸಲಾಗುತ್ತಿತ್ತು; ದೇಶದ ಎಷ್ಟೋ ಮನೆಗಳಿಗೆ ಮಾತ್ರೆ ಔಷಧಿಗಳು ಪೋಸ್ಟಿನಲ್ಲಿ ಹೋದವು.

ನಿಮ್ಮ ಊರಿನಲ್ಲಿ ಹಿರಿಯರು ಅಂಚೆಯವನನ್ನು ಏನೆಂದು ಕರೆಯುತ್ತಿದ್ದರು? ಟಪಾಲಿನವನೆ, ಪೋಸ್ಟಣ್ಣನೆ, ಬೇರೆ ಇನ್ನೇನಾದರೂ ಹೆಸರಿತ್ತೆ? ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಪಿನ್ ಹಾಕಲು ಮರೆಯಬೇಡಿ.