ಜಾತ್ರೆಯ ಬಾವಿಯಿಂದ ಲೋಕ ಸುತ್ತಿದ ಹಾಡು

ಪೊನ್ನಾನಿ ಎಂದರೆ ನಮ್ಮ ಹಿರಿಯರಿಗೆ ಮಖ್ದೂಮರ ಊರು, ದೊಡ್ಡ ಪಳ್ಳಿಯ ಊರು. ಈಗಿನ ಮಕ್ಕಳಿಗೆ ಅದು ಇನ್ನೊಂದು ಕಾರಣಕ್ಕೂ ಗೊತ್ತು. ಹನುಮಾನ್‌ಕೈಂಡ್ ಎಂಬ ರಾಪರ್‌ನ 'ಬಿಗ್ ಡಾಗ್ಸ್' ಹಾಡಿನ ವಿಡಿಯೋ ಚಿತ್ರೀಕರಣವಾದದ್ದು ಅಲ್ಲೇ, ಜಾತ್ರೆಯ ಸಾವಿನ ಬಾವಿಯೊಳಗೆ. ಮಲಯಾಳದವರು ಅದನ್ನು ಮರಣಕ್ಕಿಣರ್ ಎನ್ನುತ್ತಾರೆ.

2024ರ ಜುಲೈ 9ರಂದು ಬಿಡುಗಡೆಯಾದ ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಏರಿತು. ಭಾರತದ ರಾಪರ್ ಒಬ್ಬನಿಗೆ ಇದು ಸಣ್ಣ ಮಾತಲ್ಲ. ಹಾಡಿದವರು ಸೂರಜ್ ಚೆರುಕಾಟ್. ಹುಟ್ಟಿದ್ದು ಮಲಪ್ಪುರಂನಲ್ಲಿ, ಬೆಳೆದದ್ದು ಹೆಚ್ಚಾಗಿ ಅಮೆರಿಕದ ಹ್ಯೂಸ್ಟನ್‌ನಲ್ಲಿ, ರಾಪರ್ ಆಗಿ ಹೆಸರು ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ಸಂಗೀತ ಕಲ್ಮಿಯದ್ದು, ವಿಡಿಯೋ ನಿರ್ದೇಶನ ಬಿಜೋಯ್ ಶೆಟ್ಟಿಯವರದ್ದು. ಬೆಂಗಳೂರಿನಲ್ಲಿ ಇಂಗ್ಲಿಷ್ ರಾಪ್‌ಗೆ ನೆಲ ಮೊದಲೇ ಹದವಾಗಿತ್ತು. ಬ್ರೋಧ ವಿ ಅವರ 'ಆತ್ಮ ರಾಮ' ಬಂದದ್ದು 2012ರಲ್ಲಿ.

ಈ ಹಾಡಿನ ಹಿಂದೆ ಎರಡು ಹಳೆಯ ಕಥೆಗಳಿವೆ. ಎರಡೂ ಶುರುವಾಗುವುದು ನ್ಯೂಯಾರ್ಕ್ ನಗರದಲ್ಲಿ.

ಒಂದನೆಯದು ಬಾವಿಯ ಕಥೆ. 1911ರಲ್ಲಿ ಅಲ್ಲಿನ ಕೋನಿ ಐಲೆಂಡ್ ಎಂಬ ಮನರಂಜನೆಯ ತಾಣದಲ್ಲಿ ಬೈಕ್ ಓಡಿಸಲು ಹಲಗೆಯ ಇಳಿಜಾರು ಗೋಡೆ ಕಟ್ಟಿದರು. 1915ರ ಹೊತ್ತಿಗೆ ಆ ಗೋಡೆ ನೆಟ್ಟಗೆ ನಿಂತಿತು. ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬಹುದಾಗಿದ್ದರಿಂದ ಅದು ಊರೂರು ಸುತ್ತಿತು, ಕಡಲು ದಾಟಿತು, ನಮ್ಮ ಜಾತ್ರೆ, ಉರೂಸಿನ ಬಯಲಿಗೂ ಬಂತು. ಅದರ ಗುಟ್ಟು ವೇಗದಲ್ಲಿದೆ. ವೇಗವಾಗಿ ಸುತ್ತುವಾಗ ಚಕ್ರ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆ ಗಾಡಿಯನ್ನು ಜಾರದಂತೆ ಹಿಡಿಯುತ್ತದೆ. ವೇಗ ತಗ್ಗಿದರೆ ಹಿಡಿತವೂ ತಗ್ಗಿತು, ಗಾಡಿ ಕೆಳಗೆ.

ಎರಡನೆಯದು ಹಿಪ್‌ಹಾಪ್‌ನ ಕಥೆ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಒಂದು ಬಾಡಿಗೆ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ ಪಾರ್ಟಿ ಇಟ್ಟಳು. ಹಾಡು ನುಡಿಸಿದ್ದು ಅವಳಣ್ಣ ಕೂಲ್ ಹರ್ಕ್. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಜನ ಕುಣಿಯುವ ಡ್ರಮ್ಮಿನ ತುಣುಕನ್ನು ಮತ್ತೆ ಮತ್ತೆ ನುಡಿಸುವ ಉಪಾಯ ಅವನದ್ದು. ಬಡವರ ಕೇರಿಯ ಆ ಉಪಾಯವೇ ಇಂದು ಲೋಕದ ಸಂಗೀತ.

ಈ ಎರಡೂ ಕಥೆಗಳು ಪೊನ್ನಾನಿಯ ಬಾವಿಯಲ್ಲಿ ಕೂಡಿದವು. ನಡುವೆ ನಿಂತು ಹಾಡುವವನ ಸುತ್ತ ಗೋಡೆಯ ಮೇಲೆ ಬೈಕು, ಮಾರುತಿ 800 ಕಾರು ಸುತ್ತುತ್ತವೆ. ಪರದೇಶದವರು ಕಣ್ಣರಳಿಸಿದರು. ಆದರೆ ಎಲ್ಲರೂ ಬೆರಗಾಗಲಿಲ್ಲ.

ನಾನೀಗ ಕೆಲಸದ ಮೇಲೆ ಇರುವುದು ಮಹಾರಾಷ್ಟ್ರದ ಜತ್ತ ತಾಲೂಕಿನ ಕುಣಿಕೋಣೂರಿನಲ್ಲಿ. ಆಡಳಿತ ಮರಾಠಿಯದ್ದು, ಮನೆಮಾತು ಕನ್ನಡ. ಇಲ್ಲಿನ ಹುಡುಗನೊಬ್ಬನಿಗೆ ಮೊಬೈಲಿನಲ್ಲಿ ಈ ವಿಡಿಯೋ ತೋರಿಸಿದೆ. ಹಾಡಿನ ಇಂಗ್ಲಿಷ್ ಅವನಿಗೂ ಅರ್ಥವಾಗಲಿಲ್ಲ, ನನಗೂ ಪೂರ್ತಿ ಆಗುವುದಿಲ್ಲ. ಆದರೆ ಬಾವಿ ಕಂಡ ಕೂಡಲೇ ಅವನೆಂದ: "ಸರ್, ಇದನ್ನ ನಾವು ಜಾತ್ರ್ಯಾಗ ನೋಡೀವ್ರೀ. ಗಾಡಿ ಹೊಡ್ಯಾವ್ರ ಹೆಸರ ಏನ್ರೀ?"

ಹಾಡಿನ ಅರ್ಥ ಏನೆಂದು ಕೇಳುವವರಿಗೆ ನಾನು ಈ ಪ್ರಶ್ನೆಯನ್ನೇ ಮುಂದಿಡುತ್ತೇನೆ. ಇಂಗ್ಲಿಷಿನಲ್ಲಿ ಹಾಡಿದ್ದು ನಮ್ಮದು ಹೇಗಾದೀತು ಎಂದು ಕೆಲವರು ವಾದಿಸುತ್ತಾರೆ. ಭಾಷೆಯ ಪ್ರಶ್ನೆ ನಮಗೂ ಸಣ್ಣದಲ್ಲ. ಕನ್ನಡ ಲಿಪಿಯಲ್ಲಿ ಬ್ಯಾರಿ ಬರೆಯುವ ನಾವು 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದಾಗ ಎಷ್ಟು ಖುಷಿಪಟ್ಟಿದ್ದೆವು! ಆದರೆ ಈ ಹಾಡನ್ನು ನಮ್ಮದಾಗಿಸಿದ್ದು ಅದರ ಮಾತಲ್ಲ, ಆ ಬಾವಿ. ಜಾತ್ರೆಯ ಮೂಲೆಯಲ್ಲಿ ಟಿಕೆಟ್ ಹರಿದು ಆಡಿಸುವ ಆಟವೆಂದು ನಾವು ಕೀಳಾಗಿ ಕಂಡ ಕಸುಬೇ ಹಾಡಿನ ಮುಖವಾಯಿತು.

ಹಾಡಿದವನ ಹೆಸರು ಲೋಕಕ್ಕೆ ಗೊತ್ತಾಯಿತು, ಒಳ್ಳೆಯದೇ. ಬಾವಿಯ ಸವಾರರು ಮಾತ್ರ ಮುಂದಿನ ಜಾತ್ರೆಗೆ ಹಲಗೆ ಹೇರಿಕೊಂಡು ಹೋಗುತ್ತಾರೆ. ಜೀವವನ್ನೇ ಪಣಕ್ಕಿಟ್ಟವರ ಕೂಲಿ, ವಿಮೆ, ಹೆಸರು ಇವುಗಳ ಮಾತನ್ನು ಹಾಡು ಮೆಚ್ಚಿದ ನಾವೂ ಎತ್ತಬೇಕು. ಮುಂದಿನ ಉರೂಸಿಗೋ ಜಾತ್ರೆಗೋ ಬಾವಿ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಆಟ ಮುಗಿದ ಮೇಲೆ ಸವಾರರ ಹತ್ತಿರ ಹೋಗಿ, ಅವರ ಹೆಸರು ಕೇಳಿ.