ಶ್ರೀರಂಗಪಟ್ಟಣದ ಸ್ಕಾಟನ ಬಂಗಲೆ: ಐತಿಹ್ಯವೂ ಇತಿಹಾಸವೂ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಮೇಲಿರುವ ಸ್ಕಾಟನ ಬಂಗಲೆಯನ್ನು ಕುರಿತು ಒಂದು ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಫಿರಂಗಿ ಗಾಡಿಗಳ ಕಾರ್ಖಾನೆಯ ಅಧಿಕಾರಿಯಾಗಿದ್ದ ಕರ್ನಲ್ ಸ್ಕಾಟನು ಒಂದು ದಿನ ಮನೆಗೆ ಹಿಂದಿರುಗಿದಾಗ ಹೆಂಡತಿ ಮಕ್ಕಳು ವಾಂತಿಭೇದಿಗೆ ತುತ್ತಾಗಿ ಸತ್ತುಬಿದ್ದಿದ್ದರಂತೆ. ಅವನು ಯಾರೊಡನೆಯೂ ಮಾತನಾಡದೆ ಹೊರಟುಹೋದನಂತೆ. ಹೊಳೆಗೆ ಹಾರಿದನೆಂದು ಕೆಲವರು ಹೇಳುವರು. ಅವನು ಎಂದಾದರೂ ಹಿಂದಿರುಗಿಯಾನೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಮನೆಯನ್ನು ಇದ್ದಂತೆಯೇ ಇರಿಸಬೇಕೆಂದು ಅಪ್ಪಣೆ ಮಾಡಿದರಂತೆ. ಮಂಚ ಮೇಜುಗಳು ಧೂಳು ಹಿಡಿದು ನಿಂತಿದ್ದ ಈ ನಿರ್ಜನ ಗೃಹ ಕ್ರಮೇಣ ದೆವ್ವದ ಮನೆಯೆಂದು ಹೆಸರಾಯಿತು. ವಿದ್ಯಾರ್ಥಿಗಳ ಪ್ರವಾಸಗಳಲ್ಲಿ ಅಧ್ಯಾಪಕರು ಹೇಳುವ ಕಥೆಗಳಲ್ಲಿ ಇದಕ್ಕೆ ಇಂದಿಗೂ ಸ್ಥಾನವಿದೆ.

ಇಂಥ ಕಥೆಯನ್ನು ಚರಿತ್ರೆಯ ವಿದ್ಯಾರ್ಥಿ ಏನು ಮಾಡಬೇಕು? ನಗೆಯಾಡಿ ಬದಿಗಿಡುವುದು ಸುಲಭ. ನಂಬಿಬಿಡುವುದು ಇನ್ನೂ ಸುಲಭ. ಕಥೆ ಯಾವ ಘಟನೆಯನ್ನು ಹೇಳುತ್ತದೆಂಬುದಕ್ಕಿಂತ ಯಾವ ಪರಿಸ್ಥಿತಿಯಿಂದ ಹುಟ್ಟಿತೆಂಬುದನ್ನು ವಿಚಾರಿಸುವುದು ಹೆಚ್ಚು ಫಲಪ್ರದವೆಂದು ನಾವು ಭಾವಿಸುತ್ತೇವೆ.

ಮೊದಲು ಘಟನೆಯನ್ನೇ ನೋಡೋಣ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಸ್ಕಾಟನ ಪತ್ನಿ ಕ್ಯಾರೊಲಿನ್ ಇಸಬೆಲ್ಲಾಳ ಸಮಾಧಿಯಿದೆ. ಆಕೆ ಮೃತಳಾದದ್ದು 1817ರಲ್ಲಿ, ಹೆರಿಗೆಯ ಸಂದರ್ಭದಲ್ಲಿ, ವಾಂತಿಭೇದಿಯಿಂದಲ್ಲ. ಕಾಲವೂ ಇಲ್ಲಿ ಗಮನಾರ್ಹವಾದದ್ದು. ಚರಿತ್ರೆಯಲ್ಲಿ ಮೊದಲ ಕಾಲರಾ ಮಹಾಮಾರಿಯೆನಿಸಿದ ವ್ಯಾಧಿ ಬಂಗಾಳದ ಜೆಸ್ಸೋರಿನಲ್ಲಿ ತಲೆಯೆತ್ತಿದ್ದು ಅದೇ 1817ರ ಆಗಸ್ಟಿನಲ್ಲಿ. ಅದು ದಕ್ಷಿಣಕ್ಕೆ ಹಬ್ಬಿದ್ದು ಮರುವರ್ಷ. ಹೀಗಿರುವಾಗ ಕಥೆಯೊಳಗೆ ವಾಂತಿಭೇದಿ ಹೊಕ್ಕದ್ದು ಹೇಗೆ? ಮುಂದಿನ ಎರಡು ತಲೆಮಾರುಗಳಲ್ಲಿ ಆ ವ್ಯಾಧಿಯ ಭೀತಿ ಮನೆಮನೆಯ ಮಾತಾಯಿತು. 1870ರ ದಶಕದಲ್ಲಿ ವಾಲ್ಟರ್ ಯೆಲ್‌ಡಂ ಎಂಬ ಸೈನ್ಯಾಧಿಕಾರಿ ‘ಅಲಿಫ್ ಚೀಮ್’ ಎಂಬ ಹೆಸರಿನಿಂದ ಪ್ರಕಟಿಸಿದ ‘ಲೇಸ್ ಆಫ್ ಇಂಡ್’ ಎಂಬ ಸಂಗ್ರಹದಲ್ಲಿ ಪಾಳುಬಂಗಲೆಯ ಪದ್ಯವೂ ಸೇರಿತು. ಆಂಗ್ಲ ಪ್ರವಾಸಿಗರು ಆ ಪದ್ಯವನ್ನು ಓದಿಕೊಂಡು ಬಂದು ಬಂಗಲೆಯನ್ನು ನೋಡಿದರು. ಒಬ್ಬಳ ಪ್ರಸವಮರಣ ಒಂದೇ ಹಗಲಿನಲ್ಲಿ ಇಡೀ ಕುಟುಂಬದ ನಾಶವಾಗಿ ಬೆಳೆಯಿತು.

ಆದರೆ ಕಥೆ ಬೇರೂರಲು ನೆಲ ಮೊದಲೇ ಹದವಾಗಿತ್ತು. 1799ರ ಮೇ 4ರಂದು ಕೋಟೆ ಇಂಗ್ಲಿಷರ ವಶವಾದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ನನು ಕೋಟೆಯಲ್ಲಿ 4,163, ಗಂಜಾಮಿನಲ್ಲಿ 2,216 ಮನೆಗಳನ್ನು ಲೆಕ್ಕಹಾಕಿ, ಮನೆಗೆ ಐವರಂತೆ 31,895 ಜನರೆಂದು ಎಣಿಸಿದನು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಅವನ ಅಂದಾಜು. 1901ರ ಜನಗಣತಿಯ ವೇಳೆಗೆ ಉಳಿದವರು 8,584. ರಾಜಾಶ್ರಯ ತಪ್ಪಿದ್ದು ಒಂದು ಕಾರಣ, ಜ್ವರ ಇನ್ನೊಂದು. ದ್ವೀಪದ ಚಳಿಜ್ವರ ಆಂಗ್ಲ ದಂಡನ್ನು ಹೈರಾಣಗೊಳಿಸಿದ್ದರಿಂದ 1809ರಲ್ಲಿ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಹೀಗೆ. ಮಲೇರಿಯವನ್ನು ಸೊಳ್ಳೆ ಹರಡುತ್ತದೆಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟದ್ದು 1897ರಲ್ಲಿ. ಅದಕ್ಕೆ ಮುನ್ನ ಜನರು ದೂರುತ್ತಿದ್ದದ್ದು ಸ್ಥಳದ ಗಾಳಿಯನ್ನು. ಗಾಳಿಯೇ ಕೆಟ್ಟದ್ದೆಂದಾದ ಮೇಲೆ ಖಾಲಿ ಮನೆಗಳಲ್ಲಿ ‘ಗಾಳಿ’ ಸೇರಿಕೊಂಡಿದೆಯೆನ್ನಲು ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಪಿಶಾಚಬಾಧೆಗೂ ಗಾಳಿಯೆಂದೇ ಹೆಸರಿರುವುದು ಇಲ್ಲಿ ನೆನೆಯತಕ್ಕದ್ದು.

ಆದುದರಿಂದ ಸ್ಕಾಟನ ಬಂಗಲೆಯ ಐತಿಹ್ಯ ಒಂದು ಕುಟುಂಬದ ಚರಿತ್ರೆಯಾಗಿ ಅಸತ್ಯ. ಊರಿಗೆ ಊರೇ ಬರಿದಾದ ಚರಿತ್ರೆಯ ನೆನಪಾಗಿ ಬಹುಮಟ್ಟಿಗೆ ಸತ್ಯ. ಗ್ಯಾರಿಸನ್ ಸ್ಮಶಾನದ ಮುನ್ನೂರಕ್ಕೂ ಹೆಚ್ಚು ಗೋರಿಗಳು ಇದಕ್ಕೆ ಸಾಕ್ಷಿ. ಅಲ್ಲಿ ಮಲಗಿರುವವರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ದಳದವರೂ ಇದ್ದಾರೆ. ಡಚ್ಚರ ಸೇವೆಯಲ್ಲಿ ಸಿಂಹಳದಲ್ಲಿದ್ದು, 1795ರಲ್ಲಿ ಇಂಗ್ಲಿಷರ ಪಕ್ಷಕ್ಕೆ ಬಂದ ಕೂಲಿ ಸೈನ್ಯವಿದು. ಬಹುಕಾಲ ಮುಳ್ಳುಗಿಡಗಳಲ್ಲಿ ಮುಚ್ಚಿಹೋಗಿದ್ದ ಈ ಸ್ಮಶಾನವನ್ನು ಆ ಮನೆತನದ ವಂಶಸ್ಥರ ಆಸಕ್ತಿಯಿಂದ 2007-08ರಲ್ಲಿ ಜೀರ್ಣೋದ್ಧಾರ ಮಾಡಲಾಯಿತು. ಬಂಗಲೆಗೆ ಆ ಭಾಗ್ಯ ಬರಲಿಲ್ಲ.

ಇದೇ ಪಟ್ಟಣಕ್ಕೆ ಸೇರಿದ ಇನ್ನೊಂದು ದುರ್ಮರಣವನ್ನು ಕನ್ನಡ ಜನತೆ ನೆನೆದ ರೀತಿ ಬೇರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದಾಗ, ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ತನ್ನಲ್ಲಿದ್ದ ಆಭರಣಗಳೊಡನೆ ತಲಕಾಡಿನ ಕಡೆಗೆ ಹೋದಳೆಂದೂ, ರಂಗನಾಯಕಿ ಅಮ್ಮನವರ ಅಲಂಕಾರಕ್ಕೆಂದು ಅವುಗಳನ್ನು ಕೇಳಿ ಆಳುಗಳು ಬೆನ್ನಟ್ಟಲು, ಮಾಲಂಗಿಯ ಬಳಿ ಶಪಿಸಿ ಹೊಳೆಗೆ ಹಾರಿದಳೆಂದೂ ಐತಿಹ್ಯ. ತಲಕಾಡು ಮರಳಿನಿಂದ ಮುಚ್ಚಲೆಂದು, ಮಾಲಂಗಿ ಮಡುವಾಗಲೆಂದು, ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲೆಂದು ಆ ಶಾಪ. ಈ ಕಥೆಯಲ್ಲೂ ಹೊಳೆಯಿದೆ, ಬರಿದಾದ ಮನೆತನವಿದೆ. ಆದರೆ ಅಲಮೇಲಮ್ಮ ದೆವ್ವವಾಗಿ ಅಲೆಯಲಿಲ್ಲ. ಅರಮನೆಯಲ್ಲಿ ಆಕೆಯ ವಿಗ್ರಹಕ್ಕೆ ಪೂಜೆ ಸಲ್ಲುತ್ತ ಬಂದಿದೆ. ಅನ್ಯಾಯದಿಂದ ಸತ್ತವಳ ಋಣವನ್ನು ತಮ್ಮದೆಂದು ಒಪ್ಪಿಕೊಂಡವರು ಆಕೆಯನ್ನು ಪೂಜಿಸಿದರು. ಸ್ಕಾಟನ ಬಂಗಲೆಗೆ ಋಣಸ್ಥರೂ ಇರಲಿಲ್ಲ, ವಾರಸುದಾರರೂ ಉಳಿಯಲಿಲ್ಲ. ಅದರ ಸತ್ತವರು ನೋಡಬಂದವರ ಕುತೂಹಲಕ್ಕೆ ವಸ್ತುವಾದರು.

ಟಿಪ್ಪು ಸುಲ್ತಾನನ ವಿಷಯದಲ್ಲಿಯೂ ಇದನ್ನೇ ಕಾಣುತ್ತೇವೆ. ಮೇ 5ರ ಸಂಜೆ ಗುಂಬಜಿನಲ್ಲಿ ಅವನ ದಫನಾದ ಬಳಿಕ ಭಯಂಕರವಾದ ಗುಡುಗು ಮಳೆಯಾಯಿತೆಂದೂ, ತಮ್ಮ ಪಾಳೆಯದಲ್ಲಿ ಸಿಡಿಲು ಬಡಿದು ಅಧಿಕಾರಿಗಳು ಸತ್ತರೆಂದೂ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಭೂತಕಥೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಆದರೂ ಗುಂಬಜು ಜನರಿಗೆ ಭಕ್ತಿಯ ಸ್ಥಳವಾಯಿತೇ ಹೊರತು ಭಯದ ಸ್ಥಳವಾಗಲಿಲ್ಲ.

ಕೋಟೆಯ ಒಳಗೆ, ಸುಲ್ತಾನನ ದೇಹ ದೊರೆತ ಸ್ಥಳವನ್ನು ಸೂಚಿಸುವ ಒಂದು ಕಲ್ಲಿದೆ. ಆ ಮಧ್ಯಾಹ್ನ ಅವನೊಡನೆ ಅಲ್ಲಿ ಬಿದ್ದವರು ಸಾವಿರಾರು ಮಂದಿ. ಅವರಿಗೆ ಗೋರಿಯ ಬರಹವೂ ಇಲ್ಲ, ದೆವ್ವದ ಕಥೆಯೂ ಇಲ್ಲ. ಸ್ಕಾಟನ ಕಥೆಯನ್ನು ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಮೊದಲು ಈ ಕಲ್ಲಿನ ಬಳಿಗೆ, ಅನಂತರ ಕ್ಯಾರೊಲಿನಳ ಗೋರಿಯ ಬಳಿಗೆ, ಕೊನೆಗೆ ಬಂಗಲೆಗೆ ಕರೆದೊಯ್ಯಬಹುದು.